ಸಹಕಾರಿ ಸಂಸ್ಥೆಯ ಕಾಯಂ ಕೆಲಸ ಬಿಟ್ಟು ಐದು ಜನರ ಸ್ಟಾರ್ಟಪ್ ಸೇರುವ ಮುನ್ನ ಏನನ್ನು ಕೇಳಬೇಕು?

ಸೊಪ್ಪಿನಬೆಟ್ಟ, ಶಿರಸಿ

ಎಲ್ಲರಿಗೂ ನಮಸ್ಕಾರ. ನನಗೆ 31 ವರ್ಷ. ಶಿರಸಿಯ ಒಂದು ಸಹಕಾರಿ ಸಂಸ್ಥೆಯ ಕಂಪ್ಯೂಟರ್ ವಿಭಾಗದಲ್ಲಿದ್ದೇನೆ; ಬರುವ ನವೆಂಬರ್ 9ಕ್ಕೆ ಕೆಲಸಕ್ಕೆ ಸೇರಿ 5 ವರ್ಷ ತುಂಬುತ್ತದೆ. ಅಡಿಕೆ ಟೆಂಡರಿನ ದಿನ ವ್ಯಾಪಾರಿಗಳು ಬರೆದ ದರಗಳನ್ನು ಕಂಪ್ಯೂಟರಿಗೆ ಏರಿಸುವುದರಿಂದ ಹಿಡಿದು ಸದಸ್ಯರ ಆಸಾಮಿ ಖಾತೆಗಳ ಲೆಕ್ಕ ತಾಳೆ ನೋಡುವವರೆಗೆ ಎಲ್ಲವೂ ನನ್ನ ಮೇಜನ್ನು ಹಾದೇ ಹೋಗುತ್ತದೆ. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ 32,000 ರೂಪಾಯಿ. ಉಳಿದ ಭತ್ಯೆಗಳನ್ನು ಕೂಡಿಸಿ ಕಡಿತಗಳನ್ನು ಕಳೆದರೆ ಕೈಗೆ 41,000 ಬರುತ್ತದೆ.

ನನ್ನ ಜೊತೆ ಓದಿದ ಇಬ್ಬರು ಎಂಜಿನಿಯರುಗಳು ಎರಡು ವರ್ಷದ ಹಿಂದೆ ಊರಿಗೆ ಮರಳಿ, ಅಡಿಕೆ ಡ್ರೈಯರಿನೊಳಗಿನ ಶಾಖ ಮತ್ತು ತೇವವನ್ನು ಅಳೆದು ಮೊಬೈಲಿಗೆ ತಿಳಿಸುವ ಒಂದು ಪೆಟ್ಟಿಗೆಯನ್ನು ತಯಾರಿಸಿದ್ದಾರೆ. ಕಟ್ಟಿಗೆ ಉರಿಸುವ ಡ್ರೈಯರಿಗೂ, ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಮನೆಗೂ ಅದನ್ನು ಕೂರಿಸಬಹುದು. ಬೇಯಿಸಿದ ಅಡಿಕೆ ಒಣಗಿಸುವ ಅಟ್ಟ ಏರಿದ ರಾತ್ರಿಯೇ ಮಳೆ ಹಿಡಿದುಕೊಂಡರೆ ಎಷ್ಟು ಮಾಲು ಬಣ್ಣ ಕೆಟ್ಟು ದರ ಕಳೆದುಕೊಳ್ಳುತ್ತದೆ ಎಂಬುದನ್ನು ಟೆಂಡರಿನ ಅಂಗಳದಲ್ಲಿ ಪ್ರತಿವರ್ಷ ನೋಡುವ ನನಗೆ, ಈ ಕೆಲಸ ಬೇಕಾದದ್ದೇ ಅನ್ನಿಸಿದೆ. ಈಗ ಐದು ಜನರಿದ್ದಾರೆ. ಸಂಘಗಳ ಜೊತೆಗಿನ ವ್ಯವಹಾರ ಮತ್ತು ಸಾಫ್ಟ್‌ವೇರ್ ಎರಡನ್ನೂ ನಾನು ನೋಡಿಕೊಳ್ಳಬೇಕು, ದೀಪಾವಳಿಯ ಹೊತ್ತಿಗೆ ಬೇಯಿಸಿ ಒಣಗಿಸುವ ಕೆಂಪಡಿಕೆಯ ಕೊನೆಕೊಯ್ಲು (ಗೊನೆ ಇಳಿಸುವ ಕೆಲಸ) ಆರಂಭವಾಗುವುದರಿಂದ ಆಗಸ್ಟಿನಲ್ಲೇ ಸೇರಬೇಕು ಎನ್ನುತ್ತಿದ್ದಾರೆ. ಸಂಬಳ 30,000, ಜೊತೆಗೆ ಶೇ. 1 ಪಾಲು. ಕೈಯಲ್ಲಿ 14 ತಿಂಗಳಿಗೆ ಸಾಲುವಷ್ಟು ಹಣವಿದೆ, ಹೊಸ ಉದ್ಯಮಗಳಿಗೆ ನೆರವು ಕೊಡುವ ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಗೂ ಅರ್ಜಿ ಹಾಕಿದ್ದೇವೆ ಎಂದಿದ್ದಾರೆ.

ಮನೆಯಲ್ಲಿ ಅಪ್ಪಯ್ಯ, ಆಯಿ, ಹೆಂಡತಿ, ಮೂರು ವರ್ಷದ ಮಗಳು. ಒಂದು ಎಕರೆ ಚಿಲ್ಲರೆ ತೋಟ. ಮನೆ ರಿಪೇರಿಯ ಸಾಲಕ್ಕೆ ತಿಂಗಳಿಗೆ 9,500 ಕಂತು. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಇದೆ. ಅವರ ಆರೋಗ್ಯ ವಿಮೆ ನನ್ನ ಸಂಸ್ಥೆಯ ಗುಂಪು ಪಾಲಿಸಿಯಲ್ಲಿದೆ. ಹೆಂಡತಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ, ಹೋಗುವುದಾದರೆ ಈಗಲೇ ಹೋಗಿ ಎನ್ನುತ್ತಾಳೆ. ಅಪ್ಪಯ್ಯ ಮಾತ್ರ ವಿಷಯ ತಿಳಿದ ದಿನದಿಂದ ಈ ಬಗ್ಗೆ ಒಂದು ಮಾತೂ ಆಡಿಲ್ಲ. ತೋಟಕ್ಕೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿದ್ದಾರೆ.

ಸೇರಬೇಕೋ ಬೇಡವೋ ಎಂದು ನಾನು ಕೇಳುತ್ತಿಲ್ಲ. ತೀರ್ಮಾನಕ್ಕೆ ಮುನ್ನ ಗೆಳೆಯರ ಬಳಿ ಮುಜುಗರವಿಲ್ಲದೆ ಏನೇನು ಕೇಳಬೇಕು, ಯಾವ ಕಾಗದ ನೋಡಬೇಕು ಎಂಬುದನ್ನು ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಕಾಳಿಸಂಗಮ, ಕಾರವಾರ

ಇಪ್ಪತ್ತು ವರ್ಷಗಳಿಂದ ಲೆಕ್ಕಪರಿಶೋಧಕರ ಕಚೇರಿಯಲ್ಲಿದ್ದೇನೆ, ಆದ್ದರಿಂದ ನನಗೆ ಮೊದಲು ಕಾಣುವುದು ಅಂಕಿಗಳೇ. ಅದಕ್ಕೆ ಕ್ಷಮೆ ಇರಲಿ.

ನಿಮಗೆ ತಿಂಗಳಿಗೆ 11,000 ಮಾತ್ರ ಕಡಿಮೆಯಾಗುತ್ತದೆ ಎಂದು ತಾವು ಎಣಿಸಿದಂತಿದೆ. ಈಗ ನಿಮ್ಮ 32,000ದ ಮೇಲೆ ಶೇ. 12ರಂತೆ 3,840 ರೂಪಾಯಿ ನಿಮ್ಮಿಂದ ಭವಿಷ್ಯನಿಧಿಗೆ ಹೋಗುತ್ತಿದೆ, ಅಷ್ಟನ್ನೇ ಸಂಸ್ಥೆಯೂ ಕಟ್ಟುತ್ತಿದೆ. ಭವಿಷ್ಯನಿಧಿ ಕಡ್ಡಾಯವಾಗುವುದು 20 ಜನ ನೌಕರರಿರುವ ಕಡೆ. ಐದು ಜನರ ಕಚೇರಿಯಲ್ಲಿ ಅದು ಇರಲಾರದು. ಇದಲ್ಲದೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಂಸ್ಥೆ ಕೊಡುವ ಮೊತ್ತ) ಎಂದು ತಿಂಗಳಿಗೆ ಸುಮಾರು 1,538 ರೂಪಾಯಿ ನಿಮ್ಮ ಹೆಸರಿನಲ್ಲಿ ಕಾಣದಂತೆ ಬೆಳೆಯುತ್ತಿರುತ್ತದೆ. ಎಲ್ಲ ಕೂಡಿಸಿದರೆ ತಿಂಗಳಿಗೆ 20,000ಕ್ಕೂ ಮೇಲೆ, ವರ್ಷಕ್ಕೆ 2.4 ಲಕ್ಷ ನೀವು ಬಿಟ್ಟುಕೊಡುತ್ತೀರಿ. ಈಗಿನ ಸಂಬಳವೇ ಮುಂದೆಯೂ ಇರುತ್ತದೆಂದು ಹಿಡಿದರೂ ನಾಲ್ಕು ವರ್ಷಕ್ಕೆ 9.7 ಲಕ್ಷ. ಅದಕ್ಕೆ ಪ್ರತಿಯಾಗಿ ಶೇ. 1 ಪಾಲು ಎಂದಾದರೆ, ಇನ್ನೂ ಒಂದು ಸುಗ್ಗಿಯನ್ನೂ ಸರಿಯಾಗಿ ಕಾಣದ ಸಂಸ್ಥೆಗೆ ನೀವು 9.7 ಕೋಟಿ ಬೆಲೆ ಕಟ್ಟಿದಂತಾಯಿತು. ಕಟ್ಟಬಾರದು ಎಂದು ಹೇಳುತ್ತಿಲ್ಲ, ಆದರೆ ಅಷ್ಟು ಹಣ ಹೂಡುವ ಹೊರಗಿನವನು ಏನೆಲ್ಲ ಕೇಳುತ್ತಾನೋ ಅದನ್ನು ಕೇಳುವ ಹಕ್ಕು ನಿಮಗೂ ಇದೆ. ಮುಜುಗರದ ಪ್ರಶ್ನೆಯೇ ಬರುವುದಿಲ್ಲ.

ಮೊದಲನೆಯದಾಗಿ, ಆ ಸಂಸ್ಥೆ ಯಾವ ರೂಪದಲ್ಲಿ ನೋಂದಣಿಯಾಗಿದೆ ಎಂದು ನೋಡಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹೆಸರು ಹಾಕಿದರೆ ನೋಂದಣಿಯ ದಿನಾಂಕ, ಬಂಡವಾಳ, ನಿರ್ದೇಶಕರು ಯಾರು ಎಂಬುದು ಕಾಣುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಮಾತ್ರ ಷೇರು, ನೌಕರರ ಷೇರು ಯೋಜನೆ ಎಂಬ ಮಾತಿಗೆ ಅರ್ಥ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಆಗಿದ್ದರೆ ಅಲ್ಲಿ ಷೇರುಗಳೇ ಇರುವುದಿಲ್ಲ. ನಿಮ್ಮನ್ನು ಪಾಲುದಾರರನ್ನಾಗಿ ಒಪ್ಪಂದಪತ್ರದಲ್ಲಿ ಸೇರಿಸಬೇಕು, ಇಲ್ಲವೇ ಸಂಸ್ಥೆಯನ್ನು ಕಂಪನಿಯಾಗಿ ಪರಿವರ್ತಿಸಬೇಕು. ಅಲ್ಲಿಯವರೆಗೆ ಶೇ. 1 ಎಂಬುದು ಗೆಳೆಯರ ಬಾಯಿಮಾತು. ಅವರು ಪ್ರಾಮಾಣಿಕರಾಗಿದ್ದರೂ ಬಾಯಿಮಾತೇ.

ಕಂಪನಿಯೇ ಆಗಿದ್ದರೆ, ಒಟ್ಟು ಎಷ್ಟು ಷೇರುಗಳಲ್ಲಿ ನಿಮಗೆ ಎಷ್ಟು ಎಂದು ಸಂಖ್ಯೆಯಲ್ಲಿ ಬರೆಸಿಕೊಳ್ಳಿ. ನಾಳೆ ಹೂಡಿಕೆದಾರರು ಬಂದು ಹೊಸ ಷೇರುಗಳ ಮೂಲಕ ಶೇ. 20 ತೆಗೆದುಕೊಂಡರೆ ನಿಮ್ಮ 1 ಎಂಬುದು 0.8 ಆಗುತ್ತದೆ, ಮತ್ತೊಮ್ಮೆ ಹಾಗೆಯೇ ಆದರೆ 0.64. ಇದರಲ್ಲಿ ಮೋಸವೇನೂ ಇಲ್ಲ, ಹೀಗಾಗುತ್ತದೆ ಎಂಬುದು ಮೊದಲೇ ಗೊತ್ತಿರಬೇಕಷ್ಟೆ. ನೌಕರರ ಷೇರು ಯೋಜನೆಯಲ್ಲಿ ಕನಿಷ್ಠ ಒಂದು ವರ್ಷ ಕಳೆಯದೆ ಹಕ್ಕು ಬರುವುದಿಲ್ಲ ಎಂಬುದು ಕಾನೂನೇ ಹೇಳುವ ಮಾತು; ಸಾಮಾನ್ಯವಾಗಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಬರುತ್ತದೆ. ನಡುವೆ ಬಿಟ್ಟರೆ ಅದುವರೆಗಿನ ಹಕ್ಕಿಗೆ ಏನಾಗುತ್ತದೆ, ಹಣ ಕಟ್ಟಿ ಷೇರು ಪಡೆಯಲು ಎಷ್ಟು ದಿನ ಕೊಡುತ್ತಾರೆ ಎಂದು ಕೇಳಿ. ಷೇರು ಪಡೆದ ದಿನದ ನ್ಯಾಯಬೆಲೆಗೂ ನೀವು ಕೊಟ್ಟ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳವೆಂದೇ ಪರಿಗಣಿಸಿ ತೆರಿಗೆ ಹಾಕುತ್ತಾರೆ. ಕೈಗೆ ಒಂದು ಪೈಸೆ ಬರದಿದ್ದರೂ ತೆರಿಗೆ ಬರುತ್ತದೆ. ಮುಂದೂಡುವ ಸೌಲಭ್ಯವಿದೆ, ಆದರೆ ಅದು ತೆರಿಗೆ ವಿನಾಯಿತಿಗೆ ಅರ್ಹತಾಪತ್ರ ಪಡೆದ ಸ್ಟಾರ್ಟಪ್‌ಗಳ ನೌಕರರಿಗೆ ಮಾತ್ರ.

ಇನ್ನು ನವೆಂಬರ್ 9ರ ವಿಷಯ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು 5 ವರ್ಷದ ನಿರಂತರ ಸೇವೆ ಬೇಕು. 32,000ವನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ 5ರಿಂದ ಗುಣಿಸಿದರೆ 92,307 ರೂಪಾಯಿ. ಆಗಸ್ಟಿನಲ್ಲಿ ಬಿಟ್ಟರೆ ಈ ಹಣವನ್ನು ನಿಮ್ಮ ಕೈಯಾರೆ ಬಿಟ್ಟಂತಾಗಬಹುದು. ರಾಜೀನಾಮೆಯ ನೋಟಿಸು ಎರಡು ತಿಂಗಳಾಗಿದ್ದರೆ ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಪತ್ರ ಕೊಡಿ. ಕೊನೆಯ ದಿನ ನವೆಂಬರ್ 9ನ್ನು ದಾಟಿರಲಿ. ಗಳಿಕೆ ರಜೆ ಹಾಕಿ ಅತ್ತ ಕೆಲಸ ಶುರುಮಾಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ, ಸೇವಾ ನಿಯಮ ಅದನ್ನು ಒಪ್ಪುವುದಿಲ್ಲ. ಭವಿಷ್ಯನಿಧಿಯ ಹಣವನ್ನು ಅವಸರದಲ್ಲಿ ತೆಗೆಯುವುದೂ ಬೇಡ.

ತದಡಿಯ ದಾರಿ, ಕುಮಟಾ

ಮೇಲಿನವರ ಲೆಕ್ಕ ಸರಿಯಾಗಿದೆ. ನಾನು ಅನುಭವಿಸಿದ್ದು ಬೇರೆ ಬಗೆಯದು, ಅದನ್ನು ಬರೆಯುತ್ತೇನೆ.

ಎಂಟು ವರ್ಷದ ಕೆಲಸ ಬಿಟ್ಟು ಒಂದು ಮೀನು ಮಾರಾಟದ ಸ್ಟಾರ್ಟಪ್ ಸೇರಿದ್ದೆ. ತದಡಿ ಬಂದರಿನಲ್ಲಿ ಬೆಳಗಿನ ಜಾವ ಮೀನು ಖರೀದಿಸಿ, ಮಂಜುಗಡ್ಡೆ ಹಾಕಿದ ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಹುಬ್ಬಳ್ಳಿಯ ಮನೆಗಳಿಗೆ ಮುಟ್ಟಿಸುವ ಯೋಜನೆ. ಸೇರುವಾಗ ನನಗೂ 14 ತಿಂಗಳಿನ ಹಣವಿದೆ ಎಂದೇ ಹೇಳಿದ್ದರು, ಸುಳ್ಳೇನೂ ಹೇಳಿರಲಿಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಸಂಬಳ, ಬಾಡಿಗೆ, ವಾಹನದ ಕಂತು ಯಾವುದೂ ನಿಲ್ಲುವುದಿಲ್ಲ. ಬರುವ ಹಣ ಮಾತ್ರ ನಿಲ್ಲುತ್ತದೆ. ಹುಬ್ಬಳ್ಳಿಯಲ್ಲಿ ಕುಳಿತು ಲೆಕ್ಕ ಬರೆದವರು ವರ್ಷದ ಮಾರಾಟವನ್ನು ಹನ್ನೆರಡರಿಂದ ಭಾಗಿಸಿದ್ದರು. ಮೊದಲ ಮಳೆಗಾಲವನ್ನು ಹೇಗೋ ದಾಟಿದೆವು. ಎರಡನೆಯದರಲ್ಲಿ, ಜುಲೈ ಮಧ್ಯದ ಒಂದು ಸಂಜೆ, ಖಾಲಿ ಪೆಟ್ಟಿಗೆಗಳನ್ನು ಸೂರಿನವರೆಗೆ ಪೇರಿಸಿಟ್ಟ ಕೋಣೆಯಲ್ಲಿ ಕುಳಿತು ನಮ್ಮ ಮುಖ್ಯಸ್ಥರು ಎಲ್ಲರಿಗೂ ಚಹಾ ತರಿಸಿದರು. ಅವರೇ ಲೋಟಗಳನ್ನು ಒಬ್ಬೊಬ್ಬರಿಗೂ ಕೊಟ್ಟಾಗಲೇ ವಿಷಯ ತಿಳಿದುಹೋಯಿತು. ಕೊನೆಯ ಎರಡು ತಿಂಗಳ ಸಂಬಳ ಬರಲಿಲ್ಲ. ಸಂಬಳಚೀಟಿಯಲ್ಲಿ ಭವಿಷ್ಯನಿಧಿಗೆಂದು ಕಡಿದ ನಾಲ್ಕು ತಿಂಗಳ ಹಣ ನನ್ನ ಪಾಸ್‌ಬುಕ್ಕಿಗೆ ಬಂದೇ ಇರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಯುಎಎನ್ (ಭವಿಷ್ಯನಿಧಿ ಖಾತೆಯ) ಸಂಖ್ಯೆ ಹಾಕಿ ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡುವ ಅಭ್ಯಾಸವಿದ್ದಿದ್ದರೆ ಮೊದಲ ತಿಂಗಳಲ್ಲೇ ಸೂಚನೆ ಸಿಗುತ್ತಿತ್ತು.

ಈಗ ನಿಮ್ಮದನ್ನು ನೋಡಿ. ಅಡಿಕೆ ಡ್ರೈಯರಿಗೆ ಹಾಕುವ ಪೆಟ್ಟಿಗೆಯನ್ನು ಕೊಳ್ಳುವವನು ಕೊನೆಕೊಯ್ಲಿನ ಮುಂಚೆ ಕೊಳ್ಳಬೇಕು, ಇಲ್ಲವೇ ಮುಂದಿನ ವರ್ಷ. ಪೆಟ್ಟಿಗೆಯಲ್ಲಿ ದೋಷ ಕಂಡರೆ ತಿದ್ದಿ ಮತ್ತೆ ಪರೀಕ್ಷಿಸಲು ಮರದಲ್ಲಿ ಕೊನೆ ಇರಬೇಕಲ್ಲವೇ? ಸಾಫ್ಟ್‌ವೇರ್ ಕಂಪನಿಗೆ 14 ತಿಂಗಳಲ್ಲಿ ಹತ್ತು ಸಲ ತಪ್ಪಿ ಹತ್ತು ಸಲ ತಿದ್ದಲು ಬರುತ್ತದೆ. ನಿಮಗೆ ಸಿಗುವುದು ಒಂದೇ ಸುಗ್ಗಿ, ಬಹಳವೆಂದರೆ ಎರಡನೆಯದರ ಬಾಗಿಲು. ಆದ್ದರಿಂದ ಹಣ ಎಷ್ಟು ತಿಂಗಳಿಗೆ ಸಾಲುತ್ತದೆ ಎಂದು ಕೇಳುವ ಬದಲು ಎಷ್ಟು ಕೊಯ್ಲಿಗೆ ಸಾಲುತ್ತದೆ ಎಂದು ಕೇಳಿ. ಪೆಟ್ಟಿಗೆ ಕೊಂಡ ರೈತ ಹಣವನ್ನು ಯಾವಾಗ ಕೊಡುತ್ತಾನೆ ಎಂಬುದನ್ನೂ ಕೇಳಿ. ಚಾಲಿ (ಹಣ್ಣಡಿಕೆಯನ್ನು ಬಿಸಿಲಿಗೆ ಒಣಗಿಸಿದ್ದು) ಮಾಡುವವನು ದರ ನೋಡಿಕೊಂಡು ಮಳೆಗಾಲದವರೆಗೂ ಮಾಲು ಇಟ್ಟುಕೊಳ್ಳುತ್ತಾನೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಎಲಿವೇಟ್ ಬಗ್ಗೆ ಒಂದು ಮಾತು. ಆಯ್ಕೆಯಾದವರಿಗೆ 50 ಲಕ್ಷದವರೆಗೆ ನೆರವು ಸಿಗುತ್ತದೆ ಎಂಬುದು ನಿಜ. ಅರ್ಜಿ ಹಾಕಿದ್ದನ್ನು ಮಾತ್ರ ಹಣದ ಲೆಕ್ಕದಲ್ಲಿ ಸೇರಿಸಬೇಡಿ. ಆಯ್ಕೆಯಾದ ಮೇಲೂ ಹಣ ಹಂತಹಂತವಾಗಿ ಬರುತ್ತದೆಯೇ ಹೊರತು ಮರುದಿನದ ಸಂಬಳಕ್ಕೆ ಒದಗುವುದಿಲ್ಲ.

ಕಾಳಿಸಂಗಮದವರ ಒಂದು ಸಲಹೆಗೆ ಮಾತ್ರ ನನ್ನ ಅರೆ ಒಪ್ಪಿಗೆ. ನವೆಂಬರ್ ದಾಟಿ ಸೇರಿದರೆ ಗ್ರಾಚ್ಯುಟಿ ಉಳಿಯುತ್ತದೆ, ಆದರೆ ಕೆಂಪಡಿಕೆಯ ಹಂಗಾಮು ಶುರುವಾಗಿಬಿಟ್ಟಿರುತ್ತದೆ. ಅವರಿಗೆ ನೀವು ಬೇಕಾಗಿರುವುದೇ ಆ ಹೊತ್ತಿಗೆ.

ಬಸವರಾಜದುರ್ಗದ ಎದುರು, ಹೊನ್ನಾವರ

ಮೂರು ಸ್ಟಾರ್ಟಪ್‌ಗಳಲ್ಲಿ ಕೆಲಸ ಮಾಡಿದ್ದೇನೆ. ಒಂದು ಮುಚ್ಚಿತು, ಒಂದನ್ನು ಬೇರೆ ಕಂಪನಿ ಕೊಂಡಿತು, ಮೂರನೆಯದರಲ್ಲಿ ಈಗಲೂ ಇದ್ದೇನೆ. ಮುಚ್ಚಿದ ಸಂಸ್ಥೆಯಿಂದ ನನಗೆ ನಷ್ಟವಾಗಲಿಲ್ಲ. ಅಲ್ಲಿ ಎರಡು ವರ್ಷದಲ್ಲಿ ಕಲಿತದ್ದನ್ನು ನೋಡಿಯೇ ಮುಂದಿನವರು ಕರೆದರು. ಆದರೆ ಆಗ ನನಗೆ ಸಾಲವಿರಲಿಲ್ಲ, ಮದುವೆಯೂ ಆಗಿರಲಿಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಮೇಲಿನ ಇಬ್ಬರೂ ಮುಟ್ಟದ ಸಂಗತಿ ನಿಮ್ಮ ತಂದೆಯವರ ವಿಮೆ. ಕೆಲಸ ಬಿಟ್ಟ ದಿನ ಗುಂಪು ಪಾಲಿಸಿ ನಿಲ್ಲುತ್ತದೆ. ಹೊಸ ಪಾಲಿಸಿ ಮಾಡಿಸಿದರೆ, ಮೊದಲೇ ಇರುವ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಲು ಕಂಪನಿಗಳಿಗೆ ಅವಕಾಶವಿದೆ. ಗುಂಪು ಪಾಲಿಸಿ ಕೊಟ್ಟ ಕಂಪನಿಯಲ್ಲೇ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಂಡರೆ ಹಿಂದಿನ ವರ್ಷಗಳು ಲೆಕ್ಕಕ್ಕೆ ಬರುತ್ತವೆಯೇ ಎಂದು ಅವರನ್ನೇ ಬರವಣಿಗೆಯಲ್ಲಿ ಕೇಳಿ. ಇದನ್ನು ಕೆಲಸದಲ್ಲಿರುವಾಗಲೇ, ಸಾಧ್ಯವಾದರೆ ಈ ತಿಂಗಳೇ ಮುಗಿಸಿ. ಸಕ್ಕರೆ ಕಾಯಿಲೆಯನ್ನು ಮುಚ್ಚಿಡಬೇಡಿ. ಮುಂದೆ ಹಣ ಕೇಳುವ ಹೊತ್ತಿಗೆ ಅದೇ ನೆಪವಾಗುತ್ತದೆ.

ಇನ್ನೊಂದು: 30,000ವನ್ನು ಅವರು ಹೇಳಿದ ಮಾತ್ರಕ್ಕೆ ಒಪ್ಪಬೇಡಿ. ಟೆಂಡರಿನ ಅಂಗಳ, ಸಂಘದ ಆಡಳಿತ ಮಂಡಳಿ, ಸದಸ್ಯರ ಸ್ವಭಾವ ಇವೆಲ್ಲ ಆ ಐವರಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ, ನೀವು ಬರೀ ಆರನೆಯ ನೌಕರರಲ್ಲ. ಅದಕ್ಕೆ ತಕ್ಕ ಪಾಲನ್ನು ಕೇಳಿ. ಗಂಡಸರು ಗೆಳೆಯರ ಬಳಿ ಹಣದ ಮಾತಾಡಲು ಇಷ್ಟು ಹಿಂಜರಿಯುವುದೇಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಸೊಪ್ಪಿನಬೆಟ್ಟ, ಶಿರಸಿ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಕೇಳುವುದನ್ನೆಲ್ಲ ಕೇಳಿ ಬಂದ ಮೇಲೆಯೇ ಬರೆಯೋಣವೆಂದಿದ್ದೆ.

ಜಾಲತಾಣದಲ್ಲಿ ನೋಡಿದಾಗ ಗೆಳೆಯರ ಸಂಸ್ಥೆ ಎಲ್‌ಎಲ್‌ಪಿ ಎಂದು ತಿಳಿಯಿತು. ಶೇ. 1 ಪಾಲನ್ನು ಹೇಗೆ ಕೊಡುತ್ತೀರಿ ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಡುವ ಮನಸ್ಸು ಇದ್ದೇ ಇತ್ತು, ದಾರಿಯನ್ನು ಮಾತ್ರ ಯೋಚಿಸಿರಲಿಲ್ಲ. ಹೂಡಿಕೆದಾರರನ್ನು ಹುಡುಕಬೇಕಾದರೆ ಹೇಗೂ ಕಂಪನಿಯಾಗಿ ಬದಲಾಗಬೇಕು, ಅದನ್ನು ಈಗಲೇ ಮಾಡುತ್ತೇವೆ ಎಂದು ಶಿರಸಿಯ ಲೆಕ್ಕಪರಿಶೋಧಕರೊಬ್ಬರ ಬಳಿ ಹೋಗಿದ್ದಾರೆ.

ಆಮೇಲೆ ಹಣದ ಲೆಕ್ಕಕ್ಕೆ ಕುಳಿತೆವು. ಬ್ಯಾಂಕಿನಲ್ಲಿ 16.8 ಲಕ್ಷ ಇದೆ, ತಿಂಗಳ ಖರ್ಚು 1.2 ಲಕ್ಷ, ಹೀಗೆ 14 ತಿಂಗಳು. ಇದರಲ್ಲಿ ನನ್ನ 30,000 ಇರಲಿಲ್ಲ. ಹಂಗಾಮಿಗೆ ಬೇಕಾದ ಒಬ್ಬ ತಂತ್ರಜ್ಞನ 20,000 ಇರಲಿಲ್ಲ. ಈ ಕೊಯ್ಲಿಗೆ ತಯಾರಿಸಬೇಕಾದ 50 ಪೆಟ್ಟಿಗೆಗಳ ಖರ್ಚು, ಒಂದಕ್ಕೆ 9,000ದಂತೆ 4.5 ಲಕ್ಷ, ಅದೂ ಇರಲಿಲ್ಲ. ಅವೆಲ್ಲವನ್ನೂ ಸೇರಿಸಿದಾಗ ಏಳು ತಿಂಗಳಾಯಿತು. ಆಗಸ್ಟಿನಿಂದ ಏಳು ತಿಂಗಳೆಂದರೆ ಫೆಬ್ರವರಿಯ ಕೊನೆ. ಚಾಲಿ ಇನ್ನೂ ಅಂಗಳದಲ್ಲಿ ಒಣಗುತ್ತಿರುವ ಕಾಲ. ಪೆಟ್ಟಿಗೆ ಕೊಂಡ ರೈತರಲ್ಲಿ ಅರ್ಧದಷ್ಟು ಜನರ ಕೈಗೆ ಹಣವೇ ಬಂದಿರುವುದಿಲ್ಲ. ಯಾರೂ ನನ್ನಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ. ಆ ಹಾಳೆಯನ್ನು ತಯಾರಿಸಿದಾಗ ಅವರಿಗೆ ನನ್ನನ್ನು ಕರೆಯುವ ಯೋಚನೆಯೇ ಇರಲಿಲ್ಲ, ಆಮೇಲೆ ಅದನ್ನು ಯಾರೂ ತಿರುಗಿ ನೋಡಿರಲಿಲ್ಲ.

ಒಂದು ಗಂಟೆ ಮೂವರೂ ಸುಮ್ಮನಿದ್ದು ಕೊನೆಗೆ ಆದ ತೀರ್ಮಾನ ಇದು. ಈ ವರ್ಷ 50ರ ಬದಲು 20 ಪೆಟ್ಟಿಗೆ ಮಾತ್ರ, ತಂತ್ರಜ್ಞನನ್ನು ಸದ್ಯಕ್ಕೆ ತೆಗೆದುಕೊಳ್ಳುವುದಿಲ್ಲ. ನಾನು ಸೆಪ್ಟೆಂಬರ್ 10ಕ್ಕೆ ರಾಜೀನಾಮೆ ಪತ್ರ ಕೊಟ್ಟು ನವೆಂಬರ್ 10ರ ನಂತರ ಸೇರುತ್ತೇನೆ. ಅಷ್ಟರೊಳಗೆ ಕಂಪನಿಯ ನೋಂದಣಿಯಾಗಿ, ಷೇರುಗಳ ಸಂಖ್ಯೆ ಬರೆದ ಪತ್ರ ಕೈಗೆ ಬರದಿದ್ದರೆ ರಾಜೀನಾಮೆ ಹಿಂತೆಗೆದುಕೊಳ್ಳುವ ಅವಕಾಶವಿದೆಯೇ ಎಂದು ಸೇವಾ ನಿಯಮ ಓದುತ್ತಿದ್ದೇನೆ. ಇಲ್ಲವೆಂದಾದರೆ ಪತ್ರ ಬರುವವರೆಗೆ ರಾಜೀನಾಮೆಯೇ ಇಲ್ಲ ಎಂದು ಅವರಿಗೂ ತಿಳಿಸಿದ್ದೇನೆ. ಪಾಲನ್ನು ಶೇ. 2.5ಕ್ಕೆ ಏರಿಸಲು ಒಪ್ಪಿದ್ದಾರೆ. ಹೊನ್ನಾವರದ ಅಕ್ಕನವರಿಗೆ ಇದನ್ನು ವಿಶೇಷವಾಗಿ ಹೇಳಬೇಕು. ಅಪ್ಪಯ್ಯನ ವಿಮೆಗೆ ಕಂಪನಿಗೆ ಪತ್ರ ಬರೆದಾಗಿದೆ, ಉತ್ತರ ಬಂದಿಲ್ಲ.

ಹಂಗಾಮು ತಪ್ಪಿಹೋಗುವ ಚಿಂತೆಗೆ ಒಂದು ಸಣ್ಣ ಉಪಾಯ ಸಿಕ್ಕಿತು. ಆ 20ರಲ್ಲಿ ಮೊದಲನೆಯ ಪೆಟ್ಟಿಗೆಯನ್ನು ನಮ್ಮ ಮನೆಯ ಡ್ರೈಯರಿಗೇ ಹಣ ಕೊಟ್ಟು ಕೊಂಡಿದ್ದೇನೆ. ನೌಕರನಾಗಿ ಅಲ್ಲ, ಗಿರಾಕಿಯಾಗಿ ಕೊಂಡದ್ದರಿಂದ ಸೇವಾ ನಿಯಮಕ್ಕೂ ಅಡ್ಡಿಯಿಲ್ಲ. ನಿನ್ನೆ ಸಂಜೆ ಅದನ್ನು ತಂದು ಜಗಲಿಯ ಮೇಲಿಟ್ಟೆ. ಅಪ್ಪಯ್ಯ ಕೈಗೆ ಅಂಟಿದ್ದ ತೋಟದ ಔಷಧಿಯಾದ ಸುಣ್ಣ ಮೈಲುತುತ್ತದ ನೀಲಿಯನ್ನು ತೊಳೆದುಕೊಂಡು ಬಂದು, ಕನ್ನಡಕ ಹಾಕಿ, ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಒಂದು ತಿಂಗಳಿನಿಂದ ಈ ವಿಷಯವಾಗಿ ಬಾಯಿ ಬಿಡದಿದ್ದವರು ಕೇಳಿದ್ದು ಒಂದೇ ಪ್ರಶ್ನೆ: "ಕರೆಂಟು ಹೋದ್ರೆ ಇದು ಎಂತ ಮಾಡ್ತು?"

ಗೆಳೆಯರಿಗೆ ಆಗಲೇ ಫೋನು ಮಾಡಿದೆ. ಒಳಗಿನ ಬ್ಯಾಟರಿ ನಾಲ್ಕು ತಾಸು ತಡೆಯುತ್ತದೆಯಂತೆ. ಜೋರು ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದರೆ ನಮ್ಮ ಊರಿನಲ್ಲಿ ಎರಡು ದಿನ ಕರೆಂಟು ಇರುವುದಿಲ್ಲ ಎಂದೆ. ಬರೆದುಕೊಂಡಿದ್ದಾರೆ.